ಸ್ಲೊವೇನಿಯಾದ ಸಾಹಿತಿಗೊಂದು ಪರಿಚಯ ಭಾಷಣ

ನ್ಯೂಜೆರ್ಸಿಯ ನಮ್ಮ ಕನ್ನಡ ಸಂಘದಲ್ಲಿ ಆ ಕಾಲಕ್ಕೆ ಒಂದು ನಿಯಮವಿತ್ತು. ಯಾರೂ ಬರೆದಿಟ್ಟದ್ದಲ್ಲ, ಆದರೆ ಮುರಿದವರನ್ನು ಯಾರೂ ಕ್ಷಮಿಸುತ್ತಿರಲಿಲ್ಲ. ಮುಖ್ಯ ಅತಿಥಿ ಮೈಕಿನ ಮುಂದೆ ಬರುವ ಮೊದಲು ಅವರ ಪರಿಚಯ ಆಗಲೇಬೇಕು. ಪರಿಚಯವೆಂದರೆ ಹೆಸರು, ಊರು, ಕೆಲಸ ಹೇಳಿ ಕೂರುವುದಲ್ಲ. ಹುಟ್ಟಿದ ಮನೆಯಿಂದ ಶುರುವಾಗಬೇಕು. ತಂದೆ ತಾಯಿ, ಬಡತನ, ಮೊದಲ ಗುರು, ಸ್ಫೂರ್ತಿ, ಪ್ರಶಸ್ತಿ ಎಲ್ಲ ಆಗಿ, ಇಂಥವರನ್ನು ಪಡೆದ ನಾವೇ ಧನ್ಯರು ಎಂಬಲ್ಲಿಗೆ ಮುಗಿಯಬೇಕು. ಒಮ್ಮೆ ಬೆಂಗಳೂರಿನಿಂದ ಬಂದಿದ್ದ ಹೃದಯದ ಡಾಕ್ಟರೊಬ್ಬರ ಪರಿಚಯ ಎಷ್ಟು ಉದ್ದವಾಯಿತೆಂದರೆ, ಅವರು ವೇದಿಕೆಯ ಮೇಲೆ ತೂಕಡಿಸಿ, ಚಪ್ಪಾಳೆಗೆ ಎಚ್ಚರವಾಗಿ, ಯಾರಿಗೆಂದು ತಿಳಿಯದೆ ತಾವೂ ಚಪ್ಪಾಳೆ ತಟ್ಟಿದರು.

ಆಗ ಎರಡು ಸಾವಿರದ ಇಸವಿ ಹತ್ತಿರ ಬಂದು, ವೈ ಟು ಕೆ ಹೆಸರಿನಲ್ಲಿ ಜಗತ್ತಿನ ಹಳೆಯ ಕಂಪ್ಯೂಟರುಗಳಿಗೆಲ್ಲ ಒಮ್ಮೆಗೇ ಜ್ವರ ಬಂದಿತ್ತು. ಅವುಗಳ ಆರೈಕೆಗೆಂದು ಬಂದವರಲ್ಲಿ ನನ್ನ ಗಂಡನೂ ಒಬ್ಬ. ದಿನಾ ಬೆಳಿಗ್ಗೆ ಪಿಸ್ಕಾಟವೇಯಿಂದ ಮಾರಿಸ್‌ಟೌನಿಗೆ ಡ್ರೈವ್ ಮಾಡಿಕೊಂಡು ಹೋಗಿ, ಸಂಜೆ ಎರಡಂಕಿಯ ವರ್ಷಗಳನ್ನು ನಾಲ್ಕಂಕಿ ಮಾಡಿ ಬರುತ್ತಿದ್ದ. ನಾನು ಅವನ ಪಾಸ್‌ಪೋರ್ಟಿನ ಬಾಲ. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಧಾರವಾಡದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ, ಹಿಂದಿನ ಬೆಂಚಿನವರನ್ನು ಗದರಿಸಿ ಬೆಳೆಸಿಕೊಂಡ ದನಿಯನ್ನು ಅಪಾರ್ಟ್‌ಮೆಂಟಿನಲ್ಲಿ ಗಂಡನೊಬ್ಬನ ಮೇಲೆ ಖರ್ಚು ಮಾಡುತ್ತಿದ್ದೆ. ಅವನು ಅದನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಆ ವರ್ಷ ನನ್ನ ಮಾವನವರೂ ಆರು ತಿಂಗಳಿಗೆಂದು ಬಂದಿದ್ದರು. ಅವರು ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಪಾರ್ಕಿಂಗ್ ಲಾಟನ್ನು ನೋಡುತ್ತಾ, ಸಂಜೆ ನಮಗೆ ಯಾರ ಕಾರು ಎಷ್ಟು ಹೊತ್ತಿಗೆ ಬಂತೆಂದು ವರದಿ ಒಪ್ಪಿಸುತ್ತಿದ್ದರು.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಬಿಳಿಯ ಅಜ್ಜ ಒಬ್ಬರೇ ಇದ್ದರು. ಹೆಂಡತಿ ತೀರಿಕೊಂಡಿದ್ದರು. ಯೂನಿವರ್ಸಿಟಿಯ ಲೈಬ್ರರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ನೆಲಮಾಳಿಗೆಯ ಲಾಂಡ್ರಿ ರೂಮಿನಲ್ಲಿ ನಮ್ಮ ಬಟ್ಟೆ ತಿರುಗುತ್ತಿರುವಾಗ ಅವರೊಂದು ಪುಸ್ತಕ, ನಾನೊಂದು ಹಳೆಯ ವಾರಪತ್ರಿಕೆ ಹಿಡಿದು ಎದುರುಬದುರು ಕೂರುತ್ತಿದ್ದೆವು. ಒಂದು ದಿನ ಅವರು ನನ್ನ ಪತ್ರಿಕೆಯತ್ತ ಬಗ್ಗಿ, ಇದು ಯಾವ ಲಿಪಿ ಎಂದು ಕೇಳಿದರು. ಹೇಳಿದೆ. ಆ ಭಾಷೆ ಆಡುವವರು ಎಷ್ಟು ಜನ ಎಂದರು. ಕೋಟಿಗಳ ಲೆಕ್ಕ ಹೇಳಿದಾಗ ಹುಬ್ಬೇರಿಸಿ ನೋಡಿದರು.

"ನಮ್ಮದು ಇಪ್ಪತ್ತು ಲಕ್ಷ. ಅವರಲ್ಲಿ ಅರ್ಧ ಜನ ಬರೆಯುತ್ತಾರೆ. ಓದುವವರು ಸಿಗುವುದಿಲ್ಲ," ಎಂದರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಅವರದೂ ನನ್ನದೂ ಬೇರೆ ಬೇರೆ ರೀತಿಯಲ್ಲಿ ಮುರುಕು. ಇಲ್ಲಿ ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಜನ ಹೆಚ್ಚಿದ್ದರೂ ನಮ್ಮ ಕಥೆಯೂ ಅದೇ," ಎಂದೆ. ಅವರು ಮೊದಲ ಸಲ ನಕ್ಕರು. ಅವರು ಇಟಲಿಯ ಪಕ್ಕದ ಪುಟ್ಟ ದೇಶ ಸ್ಲೊವೇನಿಯಾದವರೆಂದೂ, ತಮ್ಮ ಭಾಷೆಯಲ್ಲಿ ಕಥೆ ಬರೆಯುತ್ತಾರೆಂದೂ, ಊರಲ್ಲಿ ಎರಡು ಪುಸ್ತಕ ಅಚ್ಚಾಗಿವೆಯೆಂದೂ ಆ ದಿನ ಗೊತ್ತಾಯಿತು. ಅಲ್ಲಿಂದ ನಮ್ಮ ಮನೆಯ ಚಕ್ಕುಲಿ ಕೆಳಗೆ ಹೋಗತೊಡಗಿತು. ಅವರ ಮನೆಯ, ವಾಲ್‌ನಟ್ ಪುಡಿ ಹಾಕಿ ಸುರುಳಿ ಸುತ್ತಿ ಬೇಯಿಸಿದ ಸಿಹಿ ಬ್ರೆಡ್ಡು ಮೇಲೆ ಬರತೊಡಗಿತು. ಸತ್ಯನಾರಾಯಣ ಪೂಜೆಗೂ ಕರೆದಿದ್ದೆ. ಬಂದು, ಕೊನೆಯ ತನಕ ನೆಲದ ಮೇಲೆ ಕಾಲು ಮಡಚಿ ಕೂತು, ಏಳುವಾಗ ನನ್ನ ಗಂಡನ ಹೆಗಲು ಹಿಡಿದು ಎದ್ದಿದ್ದರು.

ಆ ವರ್ಷದ ರಾಜ್ಯೋತ್ಸವಕ್ಕೆ ಊರಿನಿಂದ ಒಬ್ಬ ಸಾಹಿತಿ ಬರಬೇಕಿತ್ತು. ಅವರಿಗೆ ವೀಸಾ ಸಿಗಲಿಲ್ಲ. ಆಮಂತ್ರಣ ಆಗಲೇ ಅಚ್ಚಾಗಿ ಹೋಗಿತ್ತು. ಅದರಲ್ಲಿ "ಹೆಸರಾಂತ ಸಾಹಿತಿಗಳಿಂದ" ಎಂದು ಹಾಕಿ, ಯಾರೆಂದು ಹಾಕಿರಲಿಲ್ಲ. ಸಂಘದ ಅಧ್ಯಕ್ಷರು ಮೈಸೂರಿನವರು, ಎಡಿಸನ್ನಿನಲ್ಲಿ ಸ್ವಂತ ಮನೆ, ಎರಡು ಗ್ಯಾರೇಜು. ಅವರ ಬೇಸ್‌ಮೆಂಟಿನಲ್ಲಿ ತುರ್ತು ಸಭೆ ಸೇರಿತು. ಸಾಹಿತಿಗಳಿಗೇನೂ ಬರವಿರಲಿಲ್ಲ. ಸುತ್ತಮುತ್ತಲ ಕನ್ನಡಿಗರಲ್ಲೇ ಕವಿಗಳು ಸಾಕಷ್ಟಿದ್ದರು. ಕಷ್ಟವೇನೆಂದರೆ ಒಬ್ಬರನ್ನು ಕರೆದರೆ ಉಳಿದವರೆಲ್ಲ ಮುಖ ಗಂಟು ಹಾಕಿಕೊಂಡು ಮನೆಯಲ್ಲಿ ಕೂರುತ್ತಿದ್ದರು, ಕೂತು ಅದರ ಮೇಲೂ ಕವನ ಬರೆಯುತ್ತಿದ್ದರು.

"ನಮ್ಮ ಕೆಳಗಿನ ಮನ್ಯಾಗ ಒಬ್ರು ಸಾಹಿತಿ ಇದ್ದಾರಲ್ರೀ," ಎಂದ ನನ್ನ ಗಂಡ, ಬೋಂಡಾ ಕೈಯಲ್ಲಿ ಹಿಡಿದು. "ಖರೇ ಸಾಹಿತಿ. ಪುಸ್ತಕಾನೂ ಅವ. ಕನ್ನಡದವ್ರಲ್ಲ, ಅಷ್ಟ."

ಅಧ್ಯಕ್ಷರ ಮುಖ ಅರಳಿತು. "ಕನ್ನಡದವ್ರಲ್ವಾ? ಅದೇ ಬೆಸ್ಟು ಕಣ್ರೀ! ಯಾರಿಗೂ ಹೊಟ್ಟೆ ಉರಿಯೋ ಚಾನ್ಸೇ ಇಲ್ಲ." ಹೀಗೆ ಸ್ಲೊವೇನಿಯಾದ ಅಜ್ಜ ಅವಿರೋಧವಾಗಿ ಕರ್ನಾಟಕ ರಾಜ್ಯೋತ್ಸವದ ಮುಖ್ಯ ಅತಿಥಿಯಾದರು. ಪರಿಚಯ ಭಾಷಣ ನನ್ನ ಪಾಲಿಗೆ ಬಂತು. ಹೊರಗೆ ಬೇಸರ ತೋರಿಸಿದೆ. ಒಳಗೆ ಖುಷಿಯೋ ಖುಷಿ. ಧಾರವಾಡ ಬಿಟ್ಟ ಮೇಲೆ ಒಂದು ಸಭೆಯ ಮುಂದೆ ಬಾಯಿ ಬಿಡಲು ಸಿಕ್ಕ ಮೊದಲ ಅವಕಾಶ ಅದು.

ಮರುದಿನ ಕಾಗದ ಪೆನ್ನು ಹಿಡಿದು ಕೆಳಗೆ ಹೋದೆ. ಅಜ್ಜ ಕಾಫಿ ಮಾಡಿಟ್ಟುಕೊಂಡು ಕಾದಿದ್ದರು. ಬರಲು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು.

"ನಾನು ಒಂದು ಪುಟ ಓದುತ್ತೇನೆ. ನನ್ನ ಭಾಷೆಯಲ್ಲಿ."

"ಯಾರಿಗೂ ಅರ್ಥವಾಗುವುದಿಲ್ಲವಲ್ಲ?"

"ನಿಮ್ಮ ಮನೆಯ ಪೂಜೆಯಲ್ಲಿ ಪುರೋಹಿತರು ಎರಡು ಗಂಟೆ ಓದಿದರಲ್ಲ, ಅದು ನಿನಗೆ ಅರ್ಥವಾಯಿತೆ?"

ನಾನು ಷರತ್ತನ್ನು ಕಾಗದದ ಮೇಲೆ ಬರೆದುಕೊಂಡೆ. ಆಮೇಲೆ ಅವರೇ ಹೇಳಿದರು. ಅಮೆರಿಕಕ್ಕೆ ಬಂದ ಮೇಲೆ ಅವರನ್ನು ಅಲ್ಲಿ ಇಲ್ಲಿ ಕೆಲವು ಸಲ ಕರೆದಿದ್ದರಂತೆ, ಒಂದು ಲೈಬ್ರರಿಗೆ, ಒಂದು ಚರ್ಚಿನ ಹಾಲಿಗೆ. ಪ್ರತಿ ಸಲವೂ ಅವರ ಬಾಲ್ಯವನ್ನು ಕೇಳುತ್ತಿದ್ದರು. ಶಾಲೆಯಲ್ಲಿ ಹೇಗೆ ಹೊಡೆದರು, ಯುದ್ಧದಲ್ಲಿ ಏನಾಯಿತು, ಹಸಿವೆ ಹೇಗಿತ್ತು. ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು. ಕೈ ಹಿಡಿದು ಅದುಮುತ್ತಿದ್ದರು. ಆಮೇಲೆ ಕಾಫಿ, ಕುಕ್ಕೀಸು. ಪುಸ್ತಕ ಚೀಲದಲ್ಲಿ ಹೋಗಿ ಚೀಲದಲ್ಲೇ ಮನೆಗೆ ಬರುತ್ತಿತ್ತು.

"ಪಾಪ ಅಂದವರು ಬಹಳ ಜನ. ಓದು ಅಂದವರು ಒಬ್ಬರೂ ಇಲ್ಲ," ಎಂದರು. "ನನಗೆ ವಯಸ್ಸಾಯಿತು. ಒಂದು ಸಲ ಗಟ್ಟಿಯಾಗಿ ಓದಬೇಕು."

ಕಾರ್ಯಕ್ರಮ ಎಲ್ಲಿ ಎಂದು ಕೇಳಿದರು. ಎಡಿಸನ್ನಿನ ಒಂದು ಶಾಲೆಯ ಆಡಿಟೋರಿಯಂ ಎಂದೆ. ಅವರು ಕಾಫಿ ಕಪ್ಪನ್ನು ಕೆಳಗಿಟ್ಟರು. "ಶಾಲೆಯ ಕಟ್ಟಡದೊಳಗೆ ನಾನು ಇಲ್ಲಿಯವರೆಗೆ ನನ್ನ ಭಾಷೆಯನ್ನು ಪಿಸುಗುಟ್ಟಿದ್ದು ಮಾತ್ರ," ಎಂದರು. ಈ ಮುದುಕರು ಆ ವೇದಿಕೆಯ ಮೇಲೆ ಒಂದು ಪುಟ ಓದಲೇಬೇಕು, ಯಾರು ಅಡ್ಡ ಬಂದರೂ ನಾನು ನೋಡಿಕೊಳ್ಳುತ್ತೇನೆ ಎಂದು ಅಲ್ಲೇ ಹಟ ಹಿಡಿದುಬಿಟ್ಟೆ.

ಆಮೇಲೆ ನನ್ನ ಪ್ರಶ್ನೆಗಳು ಶುರುವಾದವು. ನಮ್ಮ ಸಂಘದ ಮಾದರಿಯಲ್ಲೇ ಕೇಳಿದೆ. ಹುಟ್ಟಿದ ಊರು? ಸಮುದ್ರದಿಂದ ಸ್ವಲ್ಪ ಮೇಲೆ, ಸುಣ್ಣಕಲ್ಲಿನ ಬಯಲು. ಗುದ್ದಲಿ ಹಾಕಿದರೆ ಕಲ್ಲು, ಕಲ್ಲು ತೆಗೆದರೆ ಅದರ ಕೆಳಗೆ ಅದರಪ್ಪ. ತಂದೆ ಕಲ್ಲು ಒಡೆಯುವವರು. ಆ ಸೀಮೆ ಆಗ ಇಟಲಿಯ ಆಳ್ವಿಕೆಯಲ್ಲಿತ್ತು. ಶಾಲೆಯಲ್ಲಿ ಇಟಾಲಿಯನ್ ಮಾತ್ರ. ಮನೆಮಾತು ಬಾಯಿಂದ ಜಾರಿದರೆ ಅಂಗೈ ಮೇಲೆ ರೂಲುಕಟ್ಟಿಗೆಯ ಏಟು. ಊರಿನ ಪಾದ್ರಿಯೊಬ್ಬರು ಧರ್ಮಪಾಠ ಎಂದು ಹೇಳಿ, ಬಾಗಿಲು ಹಾಕಿಕೊಂಡು, ಮಕ್ಕಳಿಗೆ ಕದ್ದು ಮನೆಮಾತಿನ ಅಕ್ಷರ ಕಲಿಸಿದರು.

"ಬರೆಯಲು ಪ್ರೋತ್ಸಾಹ ಕೊಟ್ಟವರು?"

"ಯಾರೂ ಇಲ್ಲ. ಓದಿದರೆ ಕಣ್ಣು ಹೋಗುತ್ತದೆ, ಆಮೇಲೆ ನನ್ನ ಸೂಜಿಗೆ ದಾರ ಯಾರು ಪೋಣಿಸುತ್ತಾರೆ ಎಂದು ಅಮ್ಮ ಬೈಯುತ್ತಿದ್ದಳು."

"ಸ್ಫೂರ್ತಿ?"

"ನನ್ನ ಸೋದರತ್ತೆ." ಅಜ್ಜ ಕುರ್ಚಿಯಲ್ಲಿ ನೆಟ್ಟಗಾದರು. "ಮದುವೆಯಾಗಿರಲಿಲ್ಲ. ನಮ್ಮ ಮನೆಯಲ್ಲೇ ಇದ್ದಳು. ಪಕ್ಕದ ಮನೆಯವಳ ಜೊತೆ ಒಂದು ಪ್ಲಮ್ ಮರದ ಸಲುವಾಗಿ ಜಗಳ. ಮರ ನಮ್ಮದು, ಕೊಂಬೆ ಗೋಡೆ ದಾಟಿ ಅವರ ಕಡೆಗಿತ್ತು. ಅವಳು ಬೈಯಲು ನಿಂತರೆ ಊರಿನವರು ಕೆಲಸ ಬಿಟ್ಟು ಬರುತ್ತಿದ್ದರು. ಒಮ್ಮೆ ಬೈದ ಬೈಗುಳ ಮತ್ತೆ ಬೈಯುತ್ತಿರಲಿಲ್ಲ! ನಾನು ಗಾಡಿಯ ಕೆಳಗೆ ಅಡಗಿ ಕೂತು ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ಶಾಲೆಯಲ್ಲಿ ನಮ್ಮ ಭಾಷೆಗೆ ಜೀವ ಇಲ್ಲ ಎನ್ನುತ್ತಿದ್ದರು. ಮನೆಗೆ ಬಂದರೆ ಇವಳು ಗೋಡೆಯ ಮೇಲೆ ನಿಂತಿರುತ್ತಿದ್ದಳು."

"ಮೊದಲ ಶ್ರೋತೃಗಳು ಯಾರು?"

"ಹೆಬ್ಬಾತುಗಳು. ಮೇಯಿಸುವುದು ನನ್ನ ಕೆಲಸ. ಗೆಳೆಯರ ಮುಂದೆ ಓದಿದರೆ ಯಾರಾದರೂ ಮೇಷ್ಟ್ರಿಗೆ ಚಾಡಿ ಹೇಳುತ್ತಿದ್ದರು. ಬಾತು ಹೇಳುವುದಿಲ್ಲ. ಕಥೆ ಹಿಡಿಸದಿದ್ದರೆ ಕಚ್ಚುತ್ತದೆ, ಅಷ್ಟೇ."

ನಾನು ಬರೆದುಕೊಂಡೆ. ಎರಡು ರಾತ್ರಿ ಕೂತು ಚೆಂದದ ಭಾಷಣ ಸಿದ್ಧ ಮಾಡಿದೆ. ನನ್ನ ಬರಹವನ್ನು ನಾನೇ ಹೊಗಳಿಕೊಳ್ಳಬಾರದು, ಆದರೂ ಚೆನ್ನಾಗಿತ್ತು. ಫೋನಿನಲ್ಲಿ ಅಧ್ಯಕ್ಷರಿಗೆ ಓದಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಗಂಟಲು ಸರಿಮಾಡಿಕೊಂಡರು.

"ಮೇಡಂ, ತುಂಬಾ ಚೆನ್ನಾಗಿದೆ. ಆದ್ರೆ ಸೋದರತ್ತೆ ಬೈತಿದ್ರು ಅನ್ನೋದು ಬೇಡ. ಫ್ಯಾಮಿಲೀಸ್ ಬರ್ತಾರೆ. ತಾಯಿಯೇ ಮೊದಲ ಗುರು ಅಂತ ಹಾಕ್ಬಿಡಿ."

"ತಾಯಿ ಪುಸ್ತಕ ಕಂಡ್ರ ಕಸಗೊಂಡು ಇಡತಿದ್ರಂತ್ರೀ."

"ಎಲ್ಲಾ ತಾಯಂದಿರೂ ಹಾಗೇ ಅಲ್ವಾ ಮೇಡಂ, ಪ್ರೀತಿಗೆ. ಆಮೇಲೆ ಬೀದಿ ದೀಪದ ಕೆಳಗೆ ಓದಿದ್ದು ಬಂದಿಲ್ಲ."

"ಆ ಊರಾಗ ಬೀದೀನೇ ಇರಲಿಲ್ಲಂತ."

"ಹಾಗಾದ್ರೆ ಬುಡ್ಡಿ ದೀಪ ಹಾಕಿ. ದೀಪ ಅಂತೂ ಒಂದು ಇರ್ಲಿ. ಇನ್ನು ಆ ಬಾತುಕೋಳಿ..." ಅವರು ಸ್ವಲ್ಪ ಯೋಚಿಸಿದರು. "ಹಂಸ ಅನ್ನಿ ಮೇಡಂ. ಸರಸ್ವತಿಗೆ ಹತ್ತಿರ."

ನಾನು ಫೋನಿಟ್ಟು ಗಂಡನ ಮೇಲೆ ಕೂಗಾಡಿದೆ. ಅವನಿಗೆ ಯಾಕೆಂದು ಗೊತ್ತಾಗಲಿಲ್ಲ. ಗೊತ್ತು ಮಾಡಿಕೊಳ್ಳುವ ಆತುರವೂ ಅವನಿಗಿರಲಿಲ್ಲ. ನಾನು ಭಾಷಣದಲ್ಲಿ ಒಂದಕ್ಷರ ಬದಲಿಸಲಿಲ್ಲ. ಹೆಬ್ಬಾತು ಹೆಬ್ಬಾತಾಗಿಯೇ ಉಳಿಯಿತು.

ಆ ಶನಿವಾರ ಹೊರಗೆ ಚುರುಕು ಚಳಿ. ಕಾರಿನ ಮುಂದಿನ ಸೀಟಿನಲ್ಲಿ ಮಾವನವರು. ಧೋತರದ ಒಳಗೆ ಥರ್ಮಲ್, ಮೇಲೆ ಮಗನ ಕಂಪನಿಯವರು ಪುಕ್ಕಟೆ ಕೊಟ್ಟ ಜಾಕೆಟ್ಟು. ಹಿಂದಿನ ಸೀಟಿನಲ್ಲಿ ನಾನು ಮತ್ತು ಅಜ್ಜ. ಅಜ್ಜನ ಕಪ್ಪು ಸೂಟಿನಿಂದ ನುಸಿಗುಳಿಗೆಯ ವಾಸನೆ ಬರುತ್ತಿತ್ತು. ತೊಡೆಯ ಮೇಲೆ ಚರ್ಮದ ಚೀಲ, ಅದರಲ್ಲಿ ಪುಸ್ತಕ. ದಾರಿಯುದ್ದಕ್ಕೂ ಅವರ ತುಟಿ ಅಲ್ಲಾಡುತ್ತಲೇ ಇತ್ತು. ಮಾವನವರು ಕನ್ನಡಿಯಲ್ಲಿ ನೋಡಿ, "ಜಪಾ ಮಾಡ್ಲಿಕತ್ತಾರೇನವಾ?" ಎಂದರು. ಹೌದೆಂದೆ. ಅವರಿಗೆ ಅಜ್ಜನ ಮೇಲೆ ಗೌರವ ಹೆಚ್ಚಾಯಿತು.

ಆಡಿಟೋರಿಯಂ ನಮಗೆ ಐದು ಗಂಟೆಯವರೆಗೆ ಮಾತ್ರ. ಆಮೇಲೆ ಶಾಲೆಯವರದೇ ಏನೋ ಇತ್ತು. ಎರಡಕ್ಕೆಂದು ಕರೆದಿದ್ದ ಕಾರ್ಯಕ್ರಮ ಮೂರಕ್ಕೆ ಶುರುವಾಯಿತು, ಅದನ್ನು ನಾವು ತಡ ಎನ್ನುತ್ತಿರಲಿಲ್ಲ. ಶಾಲೆಯೊಳಗೆ ಬೆಂಕಿ ಹಚ್ಚುವ ಹಾಗಿಲ್ಲವಾದ್ದರಿಂದ ದೀಪ ಬೆಳಗಿಸಲು ಬ್ಯಾಟರಿಯ ದೀಪದ ಕಂಬ ತಂದಿದ್ದರು. ಅದಕ್ಕೆ ಒಂದು ಸ್ವಿಚ್ಚು. ಗಣ್ಯರೆಲ್ಲ ಸಾಲಾಗಿ ಬಂದು ಭಕ್ತಿಯಿಂದ ಅದನ್ನು ಒತ್ತಿದರು. ಒಬ್ಬರು ಒತ್ತಿದರೆ ಹತ್ತಿತು, ಇನ್ನೊಬ್ಬರು ಒತ್ತಿದರೆ ಆರಿತು. ಆರಿಸಿದವರು ಗಾಬರಿಯಾಗಿ ಮತ್ತೆ ಒತ್ತಿದರು, ಅಷ್ಟರಲ್ಲಿ ಪಕ್ಕದವರೂ ಒತ್ತಿದರು. ಅಜ್ಜನ ಸರದಿ ಬಂದಾಗ ದೀಪ ಉರಿಯುತ್ತಿತ್ತು. ಅವರು ಅದನ್ನು ಮುಟ್ಟದೆ, ಕೈ ಮುಗಿದು ಬಂದು ಕೂತರು. ಆ ವೇದಿಕೆಯ ಮೇಲೆ ಬುದ್ಧಿವಂತರು ಅವರೊಬ್ಬರೇ.

ಸ್ವಾಗತ ಭಾಷಣದಲ್ಲಿ ಅಧ್ಯಕ್ಷರು ಅತಿಥಿಗಳನ್ನು ಸ್ಲೊವೇನಿಯಾ ಬಿಟ್ಟು ಸ್ಲೊವಾಕಿಯಾದಿಂದ ಬರಮಾಡಿಕೊಂಡರು. ವಾರ್ಷಿಕ ವರದಿ ಓದಿದರು. ನಂತರ ಪ್ರಾಯೋಜಕರಾದ ವೀಸಾ ವಕೀಲರು ಎರಡು ಮಾತಾಡಲು ಬಂದರು. ಅದುವರೆಗೆ ಹಿಂದೆ ನಿಂತು ಹರಟುತ್ತಿದ್ದ ಗಂಡಸರೆಲ್ಲ ಒಳಗೆ ಬಂದು ಕೂತರು. ಎಳೆಯ ಕೂಸುಗಳು ಕೂಡ ಸುಮ್ಮನಾದವು. ವಕೀಲರು ಗ್ರೀನ್ ಕಾರ್ಡಿನ ವಿಷಯ ತೆಗೆದದ್ದೇ ತಡ, ಕೈಗಳು ಮೇಲೆದ್ದವು. ಕಂಪನಿ ಬದಲಿಸಿದರೆ ಅರ್ಜಿ ಏನಾಗುತ್ತದೆ? ಪ್ರಾಜೆಕ್ಟ್ ಮುಗಿದರೆ? ನನ್ನ ಗಂಡನೂ ಎದ್ದು ಒಂದು ಪ್ರಶ್ನೆ ಕೇಳಿದ. ಮುಂದಿನ ಸಾಲಿನಿಂದ ನಾನು ಕಣ್ಣು ಕೆಕ್ಕರಿಸಿ ನೋಡಿದೆ. ಅವನು ಉಪಪ್ರಶ್ನೆಯನ್ನೂ ಕೇಳಿದ.

ಮಕ್ಕಳ ಡ್ಯಾನ್ಸಿನಲ್ಲಿ ಕ್ಯಾಸೆಟ್ ಸಿಕ್ಕಿಹಾಕಿಕೊಂಡಿತು. ಒಬ್ಬರು ಪೆನ್ಸಿಲ್ ಹಾಕಿ ಟೇಪು ಸುತ್ತುವವರೆಗೂ ಮಕ್ಕಳು ಕೈ ಎತ್ತಿದ ಭಂಗಿಯಲ್ಲೇ ನಿಂತಿದ್ದವು, "ಮಾಮ್, ಮೈ ಆರ್ಮ್ ಹರ್ಟ್ಸ್," ಎನ್ನುತ್ತಾ. ಆಮೇಲೆ ಸನ್ಮಾನ. ಅಜ್ಜನಿಗೆ ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು, ಮೈಸೂರು ಪೇಟ ಇಟ್ಟರು. ಪೇಟ ದೊಡ್ಡದಾಗಿ ಹುಬ್ಬಿನ ಮೇಲೆ ಇಳಿಯಿತು. ಹಣ್ಣಿನ ಬುಟ್ಟಿಯನ್ನು ಕೈಗೆ ಕೊಟ್ಟು, ಸಮಿತಿಯವರೆಲ್ಲ ಒಬ್ಬೊಬ್ಬರಾಗಿ, ಆಮೇಲೆ ಸಕುಟುಂಬವಾಗಿ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ಕಾಲ ಬಳಿ ಇಟ್ಟಿದ್ದ ಚೀಲವನ್ನು ಯಾರಾದರೂ ತುಳಿದಾರೆಂದು ಅಜ್ಜ ಆಗಾಗ ಪೇಟದ ಅಂಚಿನಡಿಯಿಂದ ಬಗ್ಗಿ ನೋಡುತ್ತಿದ್ದರು.

ಆಗ ಶಾಲೆಯ ಜವಾನ ಬಾಗಿಲಲ್ಲಿ ನಿಂತು ಕೈಗಡಿಯಾರದ ಮೇಲೆ ಬೆರಳಿಟ್ಟು ತೋರಿಸಿದ. ಐದಕ್ಕೆ ಸ್ವಲ್ಪವೇ ಉಳಿದಿತ್ತು. ಅಧ್ಯಕ್ಷರು ನನ್ನ ಬಳಿ ಓಡಿ ಬಂದರು.

"ಮೇಡಂ, ಪರಿಚಯ ಬೇಗ ಓದ್ಬಿಡಿ. ಅವರು ಥ್ಯಾಂಕ್ಯೂ ಅಂದ್ರೆ ಸಾಕು. ಓದೋಕೆಲ್ಲ ಟೈಮಿಲ್ಲ."

"ಪರಿಚಯ ಬಿಟ್ಟು ಅವರ ಪುಟಾ ಓದಸೂಣಲ್ರೀ."

"ಪರಿಚಯ ಬಿಡೋದಾ?" ಅವರು ಬೆಚ್ಚಿಬಿದ್ದರು. "ಅತಿಥಿಗೆ ಅವಮಾನ ಆಗಲ್ವಾ? ಅವರು ಯಾರು ಅಂತ್ಲೇ ಗೊತ್ತಾಗ್ದೆ ಜನ ಏನು ಕೇಳ್ತಾರೆ?"

ನಾನು ನನ್ನ ಹಾಳೆಗಳನ್ನು ಹಿಡಿದು ಮೈಕಿನ ಮುಂದೆ ಹೋಗಿ ನಿಂತೆ. ಎದುರಿಗೆ ಆಡಿಟೋರಿಯಂ ತುಂಬ ಜನ. ಮೈಕು ನನ್ನ ಉಸಿರಿಗೇ ಸದ್ದು ಮಾಡುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಆ ಭಾಷಣ ಓದಬೇಕೆಂಬ ಆಸೆ ಉಕ್ಕಿ ಬಂತು. ಸುಣ್ಣಕಲ್ಲಿನ ಬಯಲು, ಅಂಗೈ ಮೇಲಿನ ಏಟು, ಬಾಗಿಲು ಹಾಕಿಕೊಂಡ ಪಾದ್ರಿ ಎಲ್ಲ ಆ ಹಾಳೆಗಳಲ್ಲಿತ್ತು. ಓದಿದ್ದರೆ ನಾಲ್ಕು ಜನರಾದರೂ ಕಣ್ಣೊರೆಸಿಕೊಳ್ಳುತ್ತಿದ್ದರು, ಮನೆಗೆ ಹೋಗುವಾಗ ನನ್ನ ಹೆಸರು ಹೇಳುತ್ತಿದ್ದರು. ತಿರುಗಿ ನೋಡಿದೆ. ಅಜ್ಜ ಹಣ್ಣಿನ ಬುಟ್ಟಿಯನ್ನು ಕೆಳಗಿಟ್ಟು, ಚೀಲದಿಂದ ಪುಸ್ತಕ ತೆಗೆದು, ಪುಟದ ನಡುವೆ ಬೆರಳಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.

"ಇವರು ಸ್ಲೊವೇನಿಯಾದ ಸಾಹಿತಿಗಳು. ತಮ್ಮ ಭಾಷೆಯಲ್ಲಿ ಒಂದು ಪುಟ ಓದುತ್ತಾರೆ," ಎಂದು ಹೇಳಿ ಬಂದು ಕೂತೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪರಿಚಯ ಮುಗಿಯಿತೆಂದೇ ಯಾರಿಗೂ ತಿಳಿದಿರಲಿಲ್ಲ. ಅಧ್ಯಕ್ಷರು ತಲೆಯ ಮೇಲೆ ಕೈ ಹೊತ್ತು ಕೂತರು.

ಅಜ್ಜ ಎದ್ದು ಬಂದರು. ಪೇಟವನ್ನು ಹಿಂದಕ್ಕೆ ಸರಿಸಿದರು. ಮೊದಲ ಸಾಲುಗಳು ಮೆಲ್ಲಗೆ, ಗೊಗ್ಗರು ದನಿಯಲ್ಲಿ ಬಂದವು. ಹಿಂದಿನ ಸಾಲಿನವರು ಅರ್ಥವಾಗದ ಭಾಷೆ ಕಿವಿಗೆ ಬಿದ್ದದ್ದೇ ಎದ್ದು, ಊಟದ ಕೋಣೆಯ ಕಡೆ ಹೊರಟರು. ಬಿಸಿಬೇಳೆ ಬಾತಿನ ವಾಸನೆ ಬರತೊಡಗಿತ್ತು. ನನ್ನ ಭಾಷಣವನ್ನೇ ಓದಿದ್ದರೆ ಇವರಿಗೆ ಕೊನೆಗೆ ಅನುಕಂಪವಾದರೂ ಸಿಗುತ್ತಿತ್ತಲ್ಲ ಎನಿಸಿತು.

ಅಷ್ಟರಲ್ಲಿ ಅಜ್ಜ ಎಡಗೈಯನ್ನು ಸೊಂಟದ ಮೇಲಿಟ್ಟರು. ಗದ್ದ ಮುಂದೆ ಬಂತು. ದನಿ ಏರಿತು. ಒಂದು ಸಾಲನ್ನು ಗೋಡೆಯಾಚೆ ಕಲ್ಲು ಎಸೆದ ಹಾಗೆ ಎಸೆದರು. ಆಮೇಲೆ ಆ ಕಡೆ ತಿರುಗಿ, ಸಣ್ಣ, ಚೂಪು ದನಿಯಲ್ಲಿ ಅದಕ್ಕೆ ಉತ್ತರ ಕೊಟ್ಟರು. ಮತ್ತೆ ಈ ಕಡೆ ತಿರುಗಿ ಇನ್ನೂ ಜೋರಾಗಿ ಇನ್ನೊಂದು. ಮೂರನೆಯ ಸಾಲಿನಲ್ಲಿ ಒಬ್ಬ ಹೆಂಗಸು ಕಿಸಕ್ಕನೆ ನಕ್ಕಳು. ಅವಳ ಪಕ್ಕದವಳು ಅವಳ ತೊಡೆಗೆ ಹೊಡೆದು, "ಜಗಳ ಕಣೇ! ಇಬ್ರು ಹೆಂಗಸ್ರು!" ಎಂದಳು. ಅಷ್ಟು ಸಾಕಾಯಿತು. ಬೀದಿ ನಲ್ಲಿಯ ಮುಂದೆ ಕೊಡ ಹಿಡಿದು ಬೆಳೆದವರಿಗೆ ಬಾಕಿಯದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಯಾವಾಗ ಚುಚ್ಚಿದರು, ಯಾವಾಗ ಹೆತ್ತವರ ಸುದ್ದಿಗೆ ಬಂದರು, ಯಾವಾಗ ಹಳೆಯದನ್ನು ಕೆದಕಿದರು ಎಲ್ಲವೂ ಇಡೀ ಸಭೆಗೆ ತಿಳಿಯುತ್ತಿತ್ತು. ಊಟಕ್ಕೆ ಹೋದವರು ನಗು ಕೇಳಿ, ಖಾಲಿ ತಟ್ಟೆ ಹಿಡಿದುಕೊಂಡೇ ಓಡಿ ಬಂದರು. ಕೊನೆಗೆ ಸೋದರತ್ತೆ ಒಂದೇ ಉಸಿರಿನಲ್ಲಿ ಒಂದು ಉದ್ದನೆಯ ಬೈಗುಳ ಬೈದಳು. ಅಜ್ಜ ನಿಲ್ಲಿಸಿದರು. ಆಮೇಲೆ, ಉಪ್ಪಿನಕಾಯಿಗೆ ಉಪ್ಪು ಸಾಕೇ ಎಂದು ಕೇಳುವ ದನಿಯಲ್ಲಿ, ಒಂದು ಚಿಕ್ಕ ಮಾತು ಹೇಳಿ ಪುಸ್ತಕ ಮುಚ್ಚಿದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಧ್ಯಕ್ಷರು ಮೈಕಿಗೆ ಹಾರಿ, "ಈಗ ವಂದನಾರ್ಪಣೆ," ಎಂದರು. ಆಗ ಮುಂದಿನ ಸಾಲಿನಲ್ಲಿ ಮಾವನವರು ಎದ್ದು ನಿಂತರು. ಧೋತರ ಸರಿಪಡಿಸಿಕೊಂಡು, ಬಲಗೈ ಮೇಲೆತ್ತಿ ಕೂಗಿದರು.

"ವನ್ಸ್ ಮೋರ್!"

ನಮ್ಮ ಕಡೆಯ ಕಂಪನಿ ನಾಟಕ ನೋಡಿದವರಿಗೆ ಆ ಕೂಗಿನ ಬೆಲೆ ಗೊತ್ತು. ಅದು ಬಂತೆಂದರೆ ವೇದಿಕೆಯ ಮೇಲೆ ಸತ್ತು ಬಿದ್ದ ರಾಜನೂ ಎದ್ದು ನಿಂತು ಹಾಡನ್ನು ಮತ್ತೆ ಹಾಡಿ, ಮತ್ತೆ ಸಾಯಬೇಕು. ಮರ್ಯಾದೆಗೆಂದು ಯಾರೂ ಅದನ್ನು ಕೂಗುವುದಿಲ್ಲ. ಹುಬ್ಬಳ್ಳಿ, ಗದಗ, ಬಾಗಲಕೋಟೆಯವರು ಸಭೆಯ ಮೂಲೆ ಮೂಲೆಯಿಂದ ದನಿಗೂಡಿಸಿದರು. ಮೈಸೂರಿನವರು ಮೊದಲು ಸಂಕೋಚಪಟ್ಟು, ಆಮೇಲೆ ಅವರೂ ಸೇರಿದರು.

"ಯಜಮಾನ್ರೇ, ಟೈಮಾಯ್ತು, ಹಾಲ್ ಬಿಡ್ಬೇಕು," ಎಂದು ಅಧ್ಯಕ್ಷರು ಕೈ ಮುಗಿದರು.

"ನಿಮ್ಮ ಟೈಮ್ ತಗೊಂಡ್ ಏನ್ ಮಾಡ್ಲ್ಯೋ ತಮ್ಮಾ," ಎಂದರು ಮಾವನವರು. "ಆ ಹೆಣ್ಮಗಳ ಸಿಟ್ಟ ಇನ್ನೂ ಇಳದಿಲ್ಲ!"

ಅಜ್ಜ ನನ್ನ ಕಡೆ ನೋಡಿದರು. ಓದಿ ಎಂದು ಕೈಸನ್ನೆ ಮಾಡಿದೆ. ಜವಾನ ಹಿಂದಿನಿಂದ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಲು ಶುರು ಮಾಡಿದ್ದ. ಆ ಸದ್ದಿನ ಮೇಲೆ ಅಜ್ಜ ಮತ್ತೆ ಓದಿದರು. ಈ ಸಲ ಪುಸ್ತಕ ತೆರೆಯಲಿಲ್ಲ, ಮೈಕಿನ ಹತ್ತಿರವೂ ಹೋಗಲಿಲ್ಲ. ಅವರ ದನಿ ಹಾಲಿನ ಕೊನೆಯ ಗೋಡೆಗೆ ಹೋಗಿ ಮುಟ್ಟುತ್ತಿತ್ತು. ಜನ ನಗುವ ಜಾಗ ಬರುವ ಮೊದಲೇ ನಗಲು ಸಿದ್ಧರಾಗಿ ಕಾಯುತ್ತಿದ್ದರು. ನಾನು ಮಾತ್ರ ಅಳುತ್ತಿದ್ದೆ, ಮೂಗು ಒರೆಸಲು ಕರವಸ್ತ್ರ ಸಿಗದೆ ಸೆರಗಿನಲ್ಲೇ ಒರೆಸಿಕೊಂಡೆ.

ಊಟದ ಕೋಣೆ ನಮಗೆ ಇನ್ನೂ ಒಂದು ಗಂಟೆ ಸಿಕ್ಕಿತ್ತು. ಮಕ್ಕಳ ಎತ್ತರದ ಟೇಬಲ್ಲಿಗೆ ಮಂಡಿ ತಾಗಿಸಿಕೊಂಡು ಕೂತಿದ್ದೆವು. ಅಧ್ಯಕ್ಷರು ತಟ್ಟೆ ಹಿಡಿದು ಬಂದು, "ಪರಿಚಯ ಇಲ್ದೇ ಹೋಯ್ತಲ್ಲ ಮೇಡಂ, ಸಂಘದ ಹಿಸ್ಟರೀಲೇ ಫಸ್ಟ್ ಟೈಮು," ಎಂದು ನೊಂದುಕೊಂಡು ಹೋದರು. ಮಾವನವರು ಅಜ್ಜನ ತಟ್ಟೆಗೆ ಅವರು ಬೇಡವೆಂದರೂ ತುಪ್ಪ ಸುರಿದು, ಇನ್ನೊಂದಿಷ್ಟು ಬಾತು ತರಲು ಎದ್ದರು.

ಅಜ್ಜ ಚಮಚ ಕೆಳಗಿಟ್ಟು ನನ್ನನ್ನು ಕೇಳಿದರು. "ನನ್ನ ಬಗ್ಗೆ ಅವರಿಗೆ ಏನು ಹೇಳಿದೆ?"

"ಏನೂ ಇಲ್ಲ. ಹೊತ್ತಿರಲಿಲ್ಲ."

"ಮೇಷ್ಟ್ರು ಹೊಡೆದದ್ದು?"

"ಇಲ್ಲ."

"ಯುದ್ಧ? ಹಸಿವೆ?"

"ಅದೂ ಇಲ್ಲ. ನಿಮ್ಮ ದೇಶದ ಹೆಸರು ಹೇಳಿದೆ, ಅಷ್ಟೇ."

ಅವರು ತಿರುಗಿ, ಉಣ್ಣುತ್ತಿದ್ದ ಜನರನ್ನು ಬಹಳ ಹೊತ್ತು ನೋಡಿದರು. ಕಣ್ಣು ತುಂಬಿ ಬಂತು. ಮನಸ್ಸಿಗೆ ನೋವಾಯಿತೇನೋ ಎಂದುಕೊಂಡು ನಾನು, ಬರೆದದ್ದನ್ನೆಲ್ಲ ತಂದಿದ್ದೆ, ಆದರೆ ಶಾಲೆಯವರು ಹೊತ್ತು ಕೊಡಲಿಲ್ಲ ಎಂದು ಏನೇನೋ ಸಮಾಧಾನ ಹೇಳತೊಡಗಿದೆ. ಅವರು ನನ್ನ ಮಣಿಕಟ್ಟು ಹಿಡಿದು ಸುಮ್ಮನಾಗಿಸಿದರು.

"ಏನೂ ಗೊತ್ತಿಲ್ಲದೆ, ಮತ್ತೆ ಓದು ಅಂದರು," ಎಂದರು.